ಹಕ್ಕಿಗಾಗಿ ಕಣ್ಣು ತೆತ್ತ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್

ಗೂಬೆಯ ಹೆಸರೆತ್ತಿದರೆ ಮುಖ ಸಿಂಡರಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಮುಸ್ಸಂಜೆಯ ಹೊತ್ತು ಹಿತ್ತಿಲ ಹಲಸಿನ ಮರದಿಂದ ಅದರ ದನಿ ಕೇಳಿಬಂದರೆ ಅಪಶಕುನವೆಂದು ಕಲ್ಲೆಸೆದು ಓಡಿಸುವುದೂ ಉಂಟು. ನಮಗೆ ಯಾವ ಕೇಡನ್ನೂ ಮಾಡದ, ತೋಟದ ಇಲಿಗಳನ್ನು ಹಿಡಿದು ಉಪಕಾರವನ್ನೇ ಮಾಡುವ ಹಕ್ಕಿಯ ಮೇಲೆ ನಮಗೆ ಇಷ್ಟೊಂದು ಮುನಿಸು. ಆದರೆ ಗೂಬೆಯ ಉಗುರಿನಿಂದಲೇ ಒಂದು ಕಣ್ಣನ್ನು ಕಳೆದುಕೊಂಡೂ ಅದರ ಮೇಲೆ ಮುನಿಯದೆ, ಬಾಳಿನುದ್ದಕ್ಕೂ ಅದರ ಚೆಲುವನ್ನು ಲೋಕಕ್ಕೆ ತೋರಿಸಿಕೊಟ್ಟ ಮಹನೀಯರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರೇ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್.

ಹಾಸ್ಕಿಂಗ್ ಅವರು 1909ರ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ಕೈಗೆ ಬಂದ ಒಂದು ಸಾಧಾರಣ ಪೆಟ್ಟಿಗೆ ಕ್ಯಾಮೆರಾದಿಂದ ಹಕ್ಕಿಗೂಡುಗಳ ಚಿತ್ರ ತೆಗೆಯುವ ಗೀಳು ಅವರಿಗೆ ಅಂಟಿಕೊಂಡಿತು. ಶಾಲೆಯನ್ನು ಬೇಗನೆ ಬಿಟ್ಟು ಕೆಲಸಕ್ಕೆ ಸೇರಿದರು. ಅದೂ ಕೈತಪ್ಪಿದಾಗ, ಹವ್ಯಾಸವಾಗಿದ್ದ ಕ್ಯಾಮೆರಾವನ್ನೇ ಹೊಟ್ಟೆಪಾಡಿಗೆ ನೆಚ್ಚಿಕೊಂಡರು. ಹಕ್ಕಿಗಳ ಚಿತ್ರದಿಂದ ಸಂಸಾರ ಸಾಗೀತೆಂದು ಯಾರೂ ನಂಬದಿದ್ದ ಕಾಲ ಅದು.

ಆ ಕಾಲದ ಇನ್ನೊಂದು ಸಂಗತಿಯನ್ನೂ ನಾವು ನೆನೆಯಬೇಕು. 19ನೆಯ ಶತಮಾನದ ಯುರೋಪಿನಲ್ಲಿ ಪಕ್ಷಿಶಾಸ್ತ್ರಜ್ಞನ ಮುಖ್ಯ ಉಪಕರಣ ಕೋವಿಯಾಗಿತ್ತು. ಎತ್ತರದಲ್ಲಿ ಹಾರುವ ಹಕ್ಕಿ ಯಾವುದೆಂದು ಖಚಿತವಾಗಬೇಕಾದರೆ ಅದನ್ನು ಹೊಡೆದುರುಳಿಸಿ, ಕೈಯಲ್ಲಿ ಹಿಡಿದು, ಗರಿಗಳನ್ನು ಅಳೆದು ನೋಡುತ್ತಿದ್ದರು. ಶ್ರೀಮಂತರ ಬೇಟೆಯ ಹಕ್ಕಿಗಳನ್ನು ತಿನ್ನುತ್ತವೆಂದು ಕಾವಲುಗಾರರು ಹದ್ದು ಗಿಡುಗಗಳನ್ನು ಕೊಂದರು. ಮೊಟ್ಟೆ ಸಂಗ್ರಹಿಸುವವರು ಗೂಡುಗಳನ್ನು ಬರಿದು ಮಾಡಿದರು. ಬಿಳಿಬಾಲದ ಕಡಲ ಹದ್ದು ಬ್ರಿಟನ್ನಿನಿಂದ 20ನೆಯ ಶತಮಾನದ ಆದಿಯಲ್ಲಿ ಪೂರ್ತಿ ಅಳಿದೇ ಹೋಯಿತು.

ಬೇಟೆ ಹಕ್ಕಿಗಳನ್ನು ಗುರುತಿಸುವುದು ಸುಲಭದ ಮಾತೂ ಅಲ್ಲ. ಮರಿಯ ಬಣ್ಣವೊಂದು, ಬೆಳೆದ ಹಕ್ಕಿಯ ಬಣ್ಣ ಇನ್ನೊಂದು. ಹ್ಯಾರಿಯರ್ ಎಂಬ ಗಿಡುಗಗಳಲ್ಲಿ ಕೆಲವುಗಳ ಗಂಡು ಬೂದು ಬಣ್ಣ, ಹೆಣ್ಣು ಕಂದು. ಹೀಗಾಗಿ ಒಂದೇ ಜಾತಿಯ ಗಂಡು ಹೆಣ್ಣುಗಳನ್ನು ಪಂಡಿತರೂ ಬಹುಕಾಲ ಎರಡು ಜಾತಿಗಳೆಂದು ತಿಳಿದಿದ್ದರು. 19ನೆಯ ಶತಮಾನದ ಆದಿಯಲ್ಲಿ ಜಾರ್ಜ್ ಮಾಂಟಗು ಎಂಬವರು ಮರಿಗಳನ್ನು ಸಾಕಿ ನೋಡಿದ ಮೇಲೆ ಆ ಗೊಂದಲ ತೀರಿತು. ಗಂಡು ಹೆಣ್ಣುಗಳೆರಡೂ ಒಂದೇ ಗೂಡಿಗೆ ಆಹಾರ ತರುವ ಒಂದು ಛಾಯಾಚಿತ್ರವಿದ್ದರೆ, ಕೋವಿಯ ಹಂಗಿಲ್ಲದೆ ಇಂಥ ಸಂಶಯ ಪರಿಹಾರವಾಗುತ್ತದೆ. ಹಾಸ್ಕಿಂಗ್ ಹಿಡಿದದ್ದು ಈ ದಾರಿಯನ್ನು.

ಆದರೆ ಈ ದಾರಿಗೆ ಬೇಕಾದ ತಾಳ್ಮೆ ಸಾಮಾನ್ಯದ್ದಲ್ಲ. ಆಗಿನ ಕ್ಯಾಮೆರಾ ಭಾರವಾದದ್ದು. ಒಂದೊಂದು ಚಿತ್ರಕ್ಕೂ ಗಾಜಿನ ಫಲಕವನ್ನು ಬದಲಿಸಬೇಕು. ಮರದ ಮೇಲೆ ಗೂಡಿದ್ದರೆ ಅದರ ಎತ್ತರಕ್ಕೆ ಸರಿಯಾಗಿ ಪಕ್ಕದಲ್ಲಿ ಅಟ್ಟಣೆ ಕಟ್ಟಿ, ಅದರ ಮೇಲೆ ಬಟ್ಟೆಯ ಸಣ್ಣ ಗುಡಾರವನ್ನು ನಿಲ್ಲಿಸಬೇಕು. ಒಂದೇ ದಿನದಲ್ಲಿ ಕಟ್ಟಿದರೆ ಹಕ್ಕಿ ಬೆದರಿ ಗೂಡನ್ನೇ ತೊರೆದೀತು. ಆದ್ದರಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತರಿಸುತ್ತ, ಹಕ್ಕಿಗೆ ಅದು ರೂಢಿಯಾಗುವಂತೆ ಮಾಡಬೇಕು. ಬಳಿಕ ಇಬ್ಬರು ಕೂಡಿ ಗುಡಾರಕ್ಕೆ ಹೋಗಿ, ಒಬ್ಬರು ಮಾತ್ರ ಹೊರಬಂದು ನಡೆದುಬಿಡಬೇಕು. ಎಣಿಕೆ ತಿಳಿಯದ ಹಕ್ಕಿ, ಬಂದವರೆಲ್ಲ ಹೋದರೆಂದು ನಂಬಿ ಗೂಡಿಗೆ ಮರಳುತ್ತದೆ. ಒಳಗುಳಿದವರು ಗಂಟೆಗಟ್ಟಲೆ ಮಿಸುಕದೆ ಕೂರಬೇಕು.

1937ರ ಮೇ ತಿಂಗಳು. ವೇಲ್ಸ್ ಪ್ರಾಂತ್ಯದ ಡೋಲ್ಡೌಲಾಡ್ ಎಂಬಲ್ಲಿ ಹಾಸ್ಕಿಂಗ್ ಕಂದುಗೂಬೆಯ ಗೂಡಿನ ಬಳಿ ಹೀಗೆಯೇ ಅಟ್ಟಣೆ ಕಟ್ಟಿಸಿದ್ದರು. ಮರಿಗಳಿರುವ ಕಾಲದಲ್ಲಿ ಈ ಗೂಬೆ ತನಗಿಂತ ಎಷ್ಟೋ ಪಾಲು ದೊಡ್ಡವರ ಮೇಲೂ ಎರಗಲು ಹಿಂಜರಿಯದು. ಅದರ ರೆಕ್ಕೆಯ ಗರಿಗಳ ಅಂಚು ನವುರಾದ ಕುಚ್ಚಿನಂತಿರುವುದರಿಂದ ಹಾರುವಾಗ ಸಪ್ಪಳವೇ ಆಗುವುದಿಲ್ಲ. ಕತ್ತಲಲ್ಲಿ ಅಟ್ಟಣೆ ಏರುತ್ತಿದ್ದ ಹಾಸ್ಕಿಂಗ್ ಅವರಿಗೆ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಮುಖಕ್ಕೆ ಬಲವಾದ ಪೆಟ್ಟೊಂದು ಬಿತ್ತು. ಗೂಬೆಯ ಉಗುರು ಎಡಗಣ್ಣಿಗೆ ನಾಟಿತ್ತು.

ಪೆನಿಸಿಲಿನ್ ಔಷಧಿ ಬಳಕೆಗೆ ಬಂದಿರದ ದಿನಗಳು ಅವು. ಗಾಯಕ್ಕೆ ಸೋಂಕು ತಗಲಿತು. ಎಡಗಣ್ಣನ್ನು ಉಳಿಸಿಕೊಳ್ಳಲು ಹೋದರೆ ಬಲಗಣ್ಣೂ ಹೋಗಿ ಪೂರ್ತಿ ಕುರುಡಾಗುವ ಅಪಾಯವಿತ್ತು. ಇಪ್ಪತ್ತೇಳರ ಹರೆಯ; ಕಣ್ಣನ್ನೇ ಬಂಡವಾಳವಾಗಿ ಉಳ್ಳ ವೃತ್ತಿ. ಅಂಥವರು ಒಂದು ಕಣ್ಣನ್ನು ತೆಗೆಸಲು ತಾವೇ ಒಪ್ಪಿಗೆ ಕೊಡಬೇಕಾಯಿತು. ಆ ಘಳಿಗೆಯ ಸಂಕಟವನ್ನು ನಾವು ಊಹಿಸಿಕೊಳ್ಳಬಹುದಷ್ಟೆ.

ಇಲ್ಲಿಯೇ ಅವರ ದೊಡ್ಡತನ ಕಾಣುವುದು. ಕೋವಿಯ ಕಾಲದವರಾಗಿದ್ದರೆ ಆ ಗೂಬೆಗೆ ಒಂದು ಗುಂಡು ಬೀಳುತ್ತಿತ್ತು. ಹಾಸ್ಕಿಂಗ್ ಅದನ್ನು ದೂರಲಿಲ್ಲ. ಮರಿಗಳನ್ನು ಕಾಯುವುದು ತಾಯಿಯ ಧರ್ಮ. ಅದರ ಮನೆಯಂಗಳಕ್ಕೆ ಹೋದವರು ನಾವು. ಒಂದೇ ಕಣ್ಣಿನಿಂದ ದೂರವನ್ನು ಅಂದಾಜು ಮಾಡುವುದು ಕಷ್ಟ. ಅದನ್ನು ರೂಢಿಸಿಕೊಂಡು ಅವರು ಮತ್ತೆ ಕ್ಯಾಮೆರಾ ಹಿಡಿದರು. ಮತ್ತೆ ಗೂಬೆಗಳ ಬಳಿಗೇ ಹೋದರು. ಇರುಳ ಹಕ್ಕಿಗಳನ್ನು ಕುರಿತು ಸಿರಿಲ್ ನ್ಯೂಬೆರಿಯವರೊಡನೆ ಸೇರಿ ಅವರು ಹೊರತಂದ ಪುಸ್ತಕ 1945ರಲ್ಲಿ ಪ್ರಕಟವಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರು ವಿದ್ಯುನ್ಮಾನ ಫ್ಲ್ಯಾಷ್ ದೀಪವನ್ನು ಪಕ್ಷಿಚಿತ್ರಣಕ್ಕೆ ತಂದ ಮೊದಲಿಗರಲ್ಲಿ ಒಬ್ಬರಾದರು. ಸೆಕೆಂಡಿನ ಸಾವಿರಾರು ಭಾಗಗಳಲ್ಲೊಂದರಷ್ಟು ಹೊತ್ತು ಮಾತ್ರ ಬೆಳಗುವ ಈ ದೀಪದಿಂದ, ಬೀಸುವ ರೆಕ್ಕೆಯ ಒಂದೊಂದು ಗರಿಯೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿತು. 1948ರಲ್ಲಿ ತೆಗೆದ ಕಣಜಗೂಬೆಯ ಚಿತ್ರ ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತು. ರೆಕ್ಕೆಗಳನ್ನು ಎರಡೂ ಕಡೆಗೆ ಹರಡಿ, ಕೊಕ್ಕಿನಲ್ಲಿ ಇಲಿಯನ್ನು ಹಿಡಿದ ಆ ಗೂಬೆ ರಾಜಲಾಂಛನದ ಹಕ್ಕಿಯಂತೆಯೇ ಕಾಣುತ್ತದೆ.

1956 ಮತ್ತು 1957ರಲ್ಲಿ ಗೈ ಮೌಂಟ್‌ಫೋರ್ಟ್ ಅವರ ತಂಡದೊಡನೆ ಹಾಸ್ಕಿಂಗ್ ಸ್ಪೇನಿನ ಡೊನ್ಯಾನಾ ಎಂಬ ಜೌಗುಸೀಮೆಗೆ ಹೋಗಿ, ಬಲು ವಿರಳವಾದ ಸ್ಪೇನಿನ ರಾಜಹದ್ದಿನ ಚಿತ್ರಗಳನ್ನು ತೆಗೆದರು. ಆ ಯಾತ್ರೆಗಳನ್ನು ಕುರಿತು ಮೌಂಟ್‌ಫೋರ್ಟ್ ಬರೆದ ಗ್ರಂಥ 1958ರಲ್ಲಿ ಹಾಸ್ಕಿಂಗರ ಚಿತ್ರಗಳೊಂದಿಗೆ ಬಂದಿತು. 1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಮೌಂಟ್‌ಫೋರ್ಟ್ ಕೂಡ ಒಬ್ಬರು. 1969ರಲ್ಲಿ ಡೊನ್ಯಾನಾ ರಾಷ್ಟ್ರೀಯ ಉದ್ಯಾನವಾಯಿತು. ಸತ್ತ ಹಕ್ಕಿಯ ತೊಗಲು ಸಂಗ್ರಹಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಬದುಕಿರುವ ಹಕ್ಕಿಯ ಚಿತ್ರ ಜನರ ಮನಸ್ಸನ್ನು ಮುಟ್ಟಿ ಅದರ ನೆಲೆಯನ್ನೂ ಕಾಯಬಲ್ಲದು.

1970ರಲ್ಲಿ ಹಾಸ್ಕಿಂಗ್ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಅದರ ಹೆಸರು ಆ್ಯನ್ ಐ ಫಾರ್ ಎ ಬರ್ಡ್. ಹಕ್ಕಿಯನ್ನು ಕಾಣುವ ಕಣ್ಣು ಎಂದೂ, ಹಕ್ಕಿಗೆ ತೆತ್ತ ಕಣ್ಣು ಎಂದೂ ಅದಕ್ಕೆ ಎರಡು ಅರ್ಥ. ತಮ್ಮ ದುರಂತವನ್ನೇ ನಗೆಮಾತಾಗಿಸುವ ಧೈರ್ಯ ಅವರಿಗಿತ್ತು. 1977ರಲ್ಲಿ ಬ್ರಿಟಿಷ್ ಸರಕಾರದ ಗೌರವ ಪಡೆದ ಅವರು 1991ರ ಫೆಬ್ರವರಿಯಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಂದು ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಗರುಡನ ಗೂಡು ಕಂಡರೆ ಮರವೇರಿ ಚಿತ್ರ ತೆಗೆಯುವ ಆಸೆ ಅವರಿಗೆ ಹುಟ್ಟುವುದು ಸಹಜ. ಗೂಡಿಗೆ ಹತ್ತಬಾರದೆಂದು ನಾವು ಅವರಿಗೆ ಹೇಳಬೇಕು. ಬ್ರಿಟನ್ನಿನಲ್ಲಿ 1967ರ ಕಾನೂನು ಬಂದ ಮೇಲೆ ವಿರಳ ಹಕ್ಕಿಗಳ ಗೂಡಿನ ಬಳಿ ಚಿತ್ರ ತೆಗೆಯಲು ಪರವಾನಗಿ ಬೇಕಾಯಿತು. ನಮ್ಮ ದೇಶದಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಕ್ಕಿಯ ಮೊಟ್ಟೆ ಗೂಡುಗಳನ್ನು ಕೆಡಿಸದಂತೆ ತಡೆಯುತ್ತದೆ. ದೂರದಲ್ಲಿ ನಿಂತು, ರೆಕ್ಕೆಯ ಆಕಾರ, ಬಾಲದ ತುದಿ, ಹಾರುವ ರೀತಿ ಇವನ್ನು ನೋಡಿ ಪುಸ್ತಕದಲ್ಲಿ ಬರೆದಿಡಲಿ. ಗರುಡನಿಗೆ ಕೈಮುಗಿದು ಗೂಬೆಗೆ ಕಲ್ಲೆಸೆಯುವ ನಾವು, ಎರಡನ್ನೂ ಒಂದೇ ಅಕ್ಕರೆಯಿಂದ ನೋಡಲು ಕಲಿತರೆ ಒಂಟಿಗಣ್ಣಿನ ಆ ಹಿರಿಯರ ಶ್ರಮ ನಮಗೂ ಫಲ ಕೊಟ್ಟಂತೆ.