ಭೀಮಸೇನರ ಲೆಕ್ಕ: ಬಾಟಲಿ ಬೇರೆ, ಹಾಡು ಬೇರೆ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಗಾಡಿ ಕಾಯುವವರ ಬಾಯಲ್ಲಿ ಭೀಮಸೇನ ಜೋಶಿ ಹೆಸರು ಬಂದರೆ ಕುಡಿತದ ಮಾತೂ ಹಿಂದೆಯೇ ಬರುತ್ತೆ. ಸುಳ್ಳೇನಲ್ಲ.

1922ರಲ್ಲಿ ಹುಟ್ಟಿದ ಈ ಗದಗಿನ ಹುಡುಗ ಹನ್ನೊಂದನೇ ವಯಸ್ಸಿಗೇ ಗುರುವನ್ನು ಹುಡುಕಿ ಮನೆ ಬಿಟ್ಟ. ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತು ಹಾಡು ಕಲಿತ.

ಹೆಸರಿನ ಜತೆ ಬಾಟಲಿಯೂ ಬಂತು. ಕಛೇರಿಗಳು ಕೆಟ್ಟವು, ಕೆಲವಕ್ಕೆ ಹೋಗಲೇ ಇಲ್ಲ. ಟಿಕೆಟ್ ಕೊಂಡವರ ಸಿಟ್ಟು ನ್ಯಾಯವೇ. ಕಂಠ ದೊಡ್ಡದು ಅಂತ ಆ ಬಾಕಿ ವಜಾ ಆಗೋದಿಲ್ಲ. ಹಾಗೇ, ಕುಡಿದರು ಅಂತ ಅವರು ಹಾಡಿದ ದಾಸರ ಪದಗಳು, ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಸುಳ್ಳಾಗೋದೂ ಇಲ್ಲ.

1970ರ ದಶಕದ ಕೊನೆಗೆ ಕುಡಿತ ಬಿಟ್ಟರು. 2008ರಲ್ಲಿ ಭಾರತರತ್ನ, 2011ರಲ್ಲಿ ಸಾವು.

ಕುಡಿತ ಕುಡಿತದ ಖಾತೆಗೆ, ಹಾಡು ಹಾಡಿನ ಖಾತೆಗೆ. ಒಂದರ ಬಾಕಿ ಇನ್ನೊಂದಕ್ಕೆ ಬರೆದರೆ ಅಂಗಡಿಯೂ ನಡೆಯೋಲ್ಲ.