ರಾಜಾಜಿಯವರೂ ಮದ್ಯಪಾನ ನಿರೋಧವೂ

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಕನ್ನಡಿಗರಿಗೆ ಪರಕೀಯರಲ್ಲ. ಸೇಲಂನ ವಕೀಲಿಯನ್ನು ತೊರೆದ ಅವರು 1925ರಲ್ಲಿ ತಿರುಚ್ಚೆಂಗೋಡಿನ ಬಳಿ ಗಾಂಧಿ ಆಶ್ರಮವನ್ನು ಸ್ಥಾಪಿಸಿದರು. ಕುಡಿತದ ವಿರುದ್ಧವೆಂದೇ 1929ರಲ್ಲಿ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ಹೊರಡಿಸಿದರು. ಮದರಾಸು ಪ್ರಾಂತದ ಪ್ರಧಾನಿಯಾದೊಡನೆ, 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ಬೊಕ್ಕಸದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ಹೋಟೆಲಿನವರಾದ ನಾವು ಗೊಣಗುತ್ತ ಕಟ್ಟುತ್ತಿದ್ದ ತೆರಿಗೆಯ ಮೂಲ ಇದೇ!

1971ರಲ್ಲಿ ನಿರೋಧವನ್ನು ಸಡಿಲಿಸುವ ಮಾತು ಹುಟ್ಟಿದಾಗ, 92 ವರ್ಷದ ಆ ವೃದ್ಧರು ಸುರಿಯುವ ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡಿಕೊಂಡರು. ಅದು ಫಲಿಸಲಿಲ್ಲ. ಮರುವರ್ಷದ ಡಿಸೆಂಬರ್ 25ರಂದು ಇದೇ ನಗರದಲ್ಲಿ ನಿಧನರಾದರು.

ಅವರಲ್ಲಿ ನಮಗೆ ಅಪಾರ ಗೌರವವಿದೆ. ಆದರೂ ಅಂಗಡಿ ಮುಚ್ಚಿದ ಮಾತ್ರಕ್ಕೆ ಚಟ ಬಿಡದೆಂದೇ ನಮ್ಮ ಅಭಿಪ್ರಾಯ. ಅದು ವ್ಯಾಧಿ, ವ್ಯಾಧಿಗ್ರಸ್ತನಿಗೆ ವೈದ್ಯನೂ ಜೊತೆಗಾರನೂ ಬೇಕು. ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಆ ಕಾರ್ಯವನ್ನು ಇಲ್ಲಿ ಕೈಗೊಂಡರು. ಅವರ ಟಿ.ಟಿ.ಕೆ. ಆಸ್ಪತ್ರೆ ಅಡ್ಯಾರಿನ ಇಂದಿರಾನಗರದಲ್ಲಿದೆ. ಅಲ್ಲಿ ರೋಗಿಯ ಮನೆಯವರಿಗೂ ಸಲಹೆ ದೊರೆಯುತ್ತದೆ. ಮನಸ್ಸಿನ ಸಂಕಟವನ್ನು ಕನ್ನಡದಲ್ಲೇ ತೋಡಿಕೊಳ್ಳಬಯಸುವವರಿಗೆ ಸರಕಾರದ ಉಚಿತ ದೂರವಾಣಿ 14416 ಹಗಲಿರುಳೂ ತೆರೆದಿರುತ್ತದೆ.