ನಾಲ್ಕನೇ ಆಯಾಮ ಆತ್ಮಗಳ ಲೋಕವೇ? ತನ್ನ ತಪ್ಪಿಗೆ ತಾನೇ ದುಡ್ಡು ಕಟ್ಟಿದ ಗಣಿತಜ್ಞನ ಕಥೆ ಓದಿ

ನಾಲ್ಕನೇ ಆಯಾಮದಲ್ಲಿ ಆತ್ಮಗಳು ಓಡಾಡುತ್ತವೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಗಣಿತದಲ್ಲಿ ಅದರ ಅರ್ಥ ತೀರಾ ಸಾದಾ. ಕೇರಂ ಬೋರ್ಡಿನ ಮೇಲೆ ಜಾರುತ್ತಿರುವ ಕಾಯಿ ಎಲ್ಲಿದೆ ಎನ್ನಲು ಎರಡು ಸಂಖ್ಯೆ ಬೇಕು. ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎನ್ನಲು ಇನ್ನೆರಡು. ಒಟ್ಟು ನಾಲ್ಕು. ದೆವ್ವ ಎಲ್ಲೂ ಇಲ್ಲ.

ಇಂಥ ಜಾಗಗಳ ಆಕಾರ ತಿಳಿಯುವ ದಾರಿ ಹಾಕಿಕೊಟ್ಟವರು ಫ್ರಾನ್ಸಿನ ಹೆನ್ರಿ ಪ್ವಾಂಕಾರೆ. 1854ರಲ್ಲಿ ನಾನ್ಸಿ ನಗರದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಡಿಫ್ತೀರಿಯಾ ಬಂದು ತಿಂಗಳುಗಟ್ಟಲೆ ಮಾತೇ ನಿಂತಿತ್ತು. ಓದಿದ ಮೇಲೆ ಕೆಲಕಾಲ ಗಣಿ ಎಂಜಿನಿಯರ್ ಆಗಿದ್ದರು.

ಸ್ವೀಡನ್ ರಾಜ ಎರಡನೇ ಆಸ್ಕರ್‌ನ 60ನೇ ಹುಟ್ಟುಹಬ್ಬಕ್ಕೆ ಗಣಿತ ಸ್ಪರ್ಧೆಯೊಂದು ನಡೆಯಿತು. ಸೂರ್ಯ, ಗ್ರಹಗಳಂತೆ ಒಂದನ್ನೊಂದು ಸೆಳೆಯುವ ಕಾಯಗಳ ಚಲನೆಯ ಬಗ್ಗೆ ಬರೆದ ಪ್ವಾಂಕಾರೆ 1889ರಲ್ಲಿ ಗೆದ್ದರು. ಬಹುಮಾನ 2500 ಕ್ರೋನ. ಪ್ರಬಂಧ ಅಚ್ಚಿಗೆ ಹೋದಾಗ ಫ್ರಾಗ್‌ಮೆನ್ ಎಂಬ ಯುವಕ ಕೆಲವು ಸಾಲು ಅರ್ಥವಾಗಲಿಲ್ಲ ಎಂದು ಕೇಳಿದ. ಉತ್ತರ ಬರೆಯುತ್ತಾ ಹೋದ ಪ್ವಾಂಕಾರೆಗೆ ಬೇರೊಂದು ಕಡೆ ದೊಡ್ಡ ತಪ್ಪೇ ಕಾಣಿಸಿತು! ಅಷ್ಟರಲ್ಲಿ ಪ್ರತಿಗಳು ಅಚ್ಚಾಗಿ, ಕೆಲವು ಹಂಚಿಕೆಯೂ ಆಗಿದ್ದವು. ಎಲ್ಲವನ್ನೂ ವಾಪಸ್ ತರಿಸಲಾಯಿತು. ಮರುಮುದ್ರಣದ ಖರ್ಚು 3500 ಕ್ರೋನಕ್ಕೂ ಹೆಚ್ಚು, ಅಂದರೆ ಬಹುಮಾನಕ್ಕಿಂತ ಜಾಸ್ತಿ. ಅದನ್ನು ಕಟ್ಟಿದ್ದು ಅವರೇ. ಆದರೆ ತಿದ್ದಿದ ಪ್ರಬಂಧದಲ್ಲೇ ಇಂದು ನಾವು ಕೇಯಾಸ್ ಎನ್ನುವ ಸಿದ್ಧಾಂತದ ಬೀಜ ಇತ್ತು.

1895ರಲ್ಲಿ ಅವರು ಮೂಲಭೂತ ಗ್ರೂಪ್ ಎಂಬ ಕಲ್ಪನೆ ತಂದರು (ವಾಟ್ಸಾಪ್ ಗ್ರೂಪ್ ಅಲ್ಲ!). ಇಡ್ಲಿಗೆ ದಾರದ ಕುಣಿಕೆ ಹಾಕಿ ಬಿಗಿಸಿದರೆ ಜಾರಿ ಒಂದು ಬಿಂದುವಾಗುತ್ತದೆ. ಉದ್ದಿನ ವಡೆಯ ತೂತಿನೊಳಗೆ ಪೋಣಿಸಿ ಕಟ್ಟಿದ ಕುಣಿಕೆ ಹಾಗಾಗದು, ವಡೆಯೇ ಮುರಿಯಬೇಕು. ಹೀಗೆ ಕುಣಿಕೆಗಳ ಲೆಕ್ಕದಿಂದ ಆಕಾರವನ್ನು ಗುರುತಿಸುವುದೇ ಇದರ ಉಪಾಯ. ಇಲ್ಲೂ ಅವರು ಎಡವಿದರು. ಗೋಳವನ್ನು ಗುರುತಿಸಲು ಇನ್ನೂ ಸರಳ ಪರೀಕ್ಷೆಯೇ ಸಾಕು ಎಂದು 1900ರಲ್ಲಿ ಬರೆದು, 1904ರಲ್ಲಿ ಆ ಪರೀಕ್ಷೆ ಪಾಸಾದರೂ ಗೋಳವಲ್ಲದ ಆಕಾರವನ್ನು ತಾವೇ ಕಟ್ಟಿ ತೋರಿಸಿದರು. ಆಗ ಅವರು ಎತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2002–03ರಲ್ಲಿ, ರಷ್ಯಾದ ಪೆರೆಲ್ಮನ್ ಅವರಿಂದ.

1912ರಲ್ಲಿ ಮತ್ತೊಂದು ಪ್ರಮೇಯ ಹೊಳೆಯಿತು. ಉಂಗುರದಂಥ ಪಟ್ಟಿಯ ಒಳ ಅಂಚನ್ನು ಒಂದು ಕಡೆ, ಹೊರ ಅಂಚನ್ನು ಇನ್ನೊಂದು ಕಡೆ ತಿರುಗಿಸಿ. ಯಾವ ಭಾಗದ ಕ್ಷೇತ್ರಫಲವೂ ಬದಲಾಗಬಾರದು. ಆಗ ಕನಿಷ್ಠ ಎರಡು ಬಿಂದುಗಳು ಇದ್ದಲ್ಲೇ ಇರುತ್ತವೆ. ಸಾಧನೆ ಕೈಗೂಡಲಿಲ್ಲ. ಮುಗಿಸಲು ಆಯಸ್ಸು ಇರುತ್ತದೋ ಇಲ್ಲವೋ ಎಂಬ ಅನುಮಾನದಿಂದ ಅರ್ಧಂಬರ್ಧವಾಗಿಯೇ ಪ್ರಕಟಿಸಿದರು. ಅದೇ ಜುಲೈ 17ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಅಮೆರಿಕದ ಬರ್ಕಾಫ್ ಅವರ ಸಾಧನೆ ಪ್ರಕಟವಾಯಿತು.

ಹೀಗೆ ಕ್ಷೇತ್ರಫಲ ಕಾಪಾಡುವ ಗಣಿತ ಬೆಳೆದು ಈಗ ಸಿಂಪ್ಲೆಕ್ಟಿಕ್ ಜ್ಯಾಮಿತಿ ಎನಿಸಿಕೊಂಡಿದೆ. 1995ರಲ್ಲಿ ರಾಬರ್ಟ್ ಗಾಂಫ್ ಪ್ವಾಂಕಾರೆಯವರ ಎರಡು ದಾರಿಗಳನ್ನೂ ಕೂಡಿಸಿದರು. ಸೀಮಿತ ಸಂಖ್ಯೆಯ ಕುಣಿಕೆ ಮತ್ತು ನಿಯಮಗಳಲ್ಲಿ ಬರೆಯಬಹುದಾದ ಯಾವ ಗ್ರೂಪ್ ಕೊಟ್ಟರೂ, ಅದನ್ನೇ ಮೂಲಭೂತ ಗ್ರೂಪ್ ಆಗಿ ಹೊಂದಿರುವ ನಾಲ್ಕು ಆಯಾಮದ ಸಿಂಪ್ಲೆಕ್ಟಿಕ್ ಆಕಾರವೊಂದನ್ನು ಕಟ್ಟಬಹುದು ಎಂದು ಸಾಧಿಸಿದರು.